ಅರ್ಧ ತಗೀಬೇಕು

ಭಟ್ಟಿ ಮುಚ್ಚೂ ದಿನ ಲಾಡ್ಲೇಸಾಬರು
ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗ
ಪಾವ್ ಕೇಳಲಿಕ್ಕೆ ಹೋದ ನನ್ನ ಕೈಯಾಗ
ಪಾವ್ ಇಡಲಿಲ್ಲ.
ಚಹಾದ ಗ್ಲಾಸಿನಾಗ ಒಂದು ಮುಷ್ಟಿ ಬಿಳೀ ಲೋಳಿ ಹಾಕಿ
"ಖಮೀರ. ನಮ್ಮಪ್ಪಗಿಂತ ಹಿರೇದು ಬೇಟಾ," ಅಂದರು.
"ದಿನಾ ಅರ್ಧ ತಗೀಬೇಕು,
ಉಳಿದಿದ್ದಕ್ಕ ಅಷ್ಟೇ ಉಣ್ಣಿಸಬೇಕು.
ತಗೀಲಿಲ್ಲಂದ್ರ ತಾನೂ ಬದುಕೂದಿಲ್ಲ, ನಿನ್ನೂ ಬಿಡೂದಿಲ್ಲ."

ಆ ಜಾಗದಾಗ ಈಗ ಮೊಬೈಲ್ ರಿಪೇರಿ.
ಭಟ್ಟಿ ಇದ್ದ ಗ್ವಾಡಿ ಇನ್ನಾ ಕರ್ರಗದ,
ಅದರ ಮ್ಯಾಲೇ ಮರಾಠಿಯೊಳಗ ಬೋರ್ಡ್ ಬರದಾರ.

ನಾ ಬ್ಲೌಸ್ ಹೊಲಿಯಾಕಿ. ಟೇಪು ಕೊಳ್ಳಾಗೇ ಇರ್ತದ.
ಉಪ್ಪಿನಕಾಯಿ ಬಾಟ್ಲಿಗೆ ರಬ್ಬರ್ ಹಾಕಿ
ಮುಂಜಾನೆ ಎಷ್ಟು, ಮಧ್ಯಾಹ್ನ ಎಷ್ಟು ಅಳೀತಿದ್ದೆ:
ಸವ್ವಾ ಇಂಚು, ಮೂರೂವರಿ, ಮತ್ತ ಎರಡು.
ಯಾರ ಎದಿನೂ ಹಿಂಗ ದಿನಕ್ಕೆರಡು ಸಲ
ಏರಿ ಇಳಿದದ್ದು ನನ್ನ ಅಳತಿ ಪುಸ್ತಕದಾಗಿಲ್ಲ.

ಮೈದಾ ಒಲ್ಲೆ ಅಂತು ಒಂದು ವಾರ, ಸುಮ್ಮನ ಮಲಗಿತು.
ಗಿರಣಿಯಿಂದ ಆಗಷ್ಟೇ ಬಂದ ಬೆಚ್ಚನ್ನ ಜೋಳದ ಹಿಟ್ಟು
ಒಂದು ಚಮಚ ಬೆರಸಿದೆ. ರಾತ್ರಿ
ಮುಚ್ಚಳ ಟಪ್ ಅಂತ ಹಾರಿ ಹೊಲಿಗಿ ಮಷೀನಿನ ಕೆಳಗ ಬಿತ್ತು.
ಮೇ ತಿಂಗಳಾಗ ನೀರಿನ ಗಡಗಿಗೆ ಒರಗಿಸಿ ಇಟ್ಟೆ.
ಮುಂಜಾನೆ ಮೊಸರು, ಇಳಿಹೊತ್ತಿಗೆ ಬಾಳಿಹಣ್ಣು,
ಹಸಿದಾಗ ಮಾತ್ರ ನೇಲ್ ಪಾಲಿಶ್.
ವಾಸನಿ ಮ್ಯಾಲೇ ಹೊತ್ತು ತಿಳೀತಿತ್ತು ನನಗ.

ಅತ್ತಿಗೂ ತಿಳೀತಿತ್ತು.
"ಸೆರಿ ಅಂಗಡಿ ಆಗ್ಯದ ಮನಿ," ಅಂತ ಸುಗಲಾಬಾಯಿ
ದೇವರ ಮಾಡದಿಂದ ಏಳು ಮಾರು ದೂರ ಇಡು ಅಂದಳು.
ನಮ್ಮ ಮನಿಯೇ ಒಟ್ಟು ಆರು ಮಾರು.
ಆದರ ವಾಸನಿಗಿಂತ ಆಕಿಗೆ ತಡೀಲಾರದ್ದು
ಆ ಅರ್ಧ.
ಮೋರಿ ಕಡೆ ನಾ ಬಟ್ಟಲಾ ಒಯ್ದರ
ಬಾಗಲಿಗೆ ಅಡ್ಡ ನಿಲ್ಲತಿದ್ದಳು:
"ಎಪ್ಪತ್ತೆರಡರಾಗ ಹಿಟ್ಟಿಗೆ ಪಾಳಿ ಹಚ್ಚಿ ನಿಂತಾಕಿ ನಾ.
ಇಲ್ಲಿ ಕೊಡು."
ಏನ ಮಾಡತಿದ್ದಳೋ ಕೇಳಲಿಲ್ಲ.
ಚೆಲ್ಲೂ ಪಾಪ ನನ್ನ ಕೈಯಿಂದ ಹೋತಲ್ಲ, ಅಷ್ಟು ಸಾಕಿತ್ತು.

ಜನವರಿ. ಕರೆಂಟ್ ಇಲ್ಲ.
ಥಂಡಿಗೆ ಎರಡು ದಿನ ಬಾಟ್ಲಿ ಏಳಲಿಲ್ಲ.
ಸೊಲ್ಲಾಪುರ ಚಾದರ ಸುತ್ತಿದೆ. ಸಾಲಲಿಲ್ಲ ಅನ್ನಿಸಿ
ಒಲಿ ದಂಡಿಗೆ ಸರಿಸಿದೆ, ಇನ್ನಷ್ಟು ಸರಿಸಿದೆ,
ಕುಂತಲ್ಲೇ ನಿದ್ದಿ ಹತ್ತಿತು.
ಎದ್ದು ನೋಡಿದರ
ಚಾದರದ ನವಿಲಿನ ಕಾಲು ಸುಟ್ಟಿತ್ತು,
ಬಾಟ್ಲಿಯೊಳಗ ಗೋಂದು, ಪೋಸ್ಟರ್ ಹಚ್ಚೂವಂಥಾದ್ದು.
ಮರತು ಅಲ್ಲ, ಬ್ಯಾಸತ್ತು ಅಲ್ಲ,
ಜೀವ ಮಾಡಿ ಮಾಡಿ ಬೇಯಿಸಿಬಿಟ್ಟಿದ್ದೆ.

ಲಾಡ್ಲೇಸಾಬರ ನಂಬರ್ ಹತ್ತಲಿಲ್ಲ.
ಉಮರಗಾಕ್ಕ ಮಗಳ ಮನಿಗೆ ಹೋದರಂತ, ಇಲ್ಲಾ ಲಾತೂರಂತ,
ಮೊಬೈಲ್ ಅಂಗಡಿ ಹುಡುಗ ಎರಡೂ ಹೇಳಿದ.

ಮೂರು ದಿನ ಯಾರಿಗೂ ಹೇಳಲಿಲ್ಲ. ತೊಳದಿಟ್ಟ ಬಾಟ್ಲಿಗೆ
ರಬ್ಬರ್ ಹಂಗೇ ಇತ್ತು.
ನಾಲ್ಕನೇ ದಿನ ಅತ್ತಿ ಅಟ್ಟದ ಮ್ಯಾಲಿಂದ
ಬಿಸ್ಕೀಟಿನ ಡಬ್ಬಿ ಇಳಿಸಿದಳು.
ಒಳಗ ಸಂಡಿಗಿ. ನೆರಳಾಗ ಒಣಗಿಸಿದ್ದು, ಉಗುರಿನಷ್ಟು ತೆಳ್ಳಗ,
ಎಂಟು ತಿಂಗಳ ಅರ್ಧ, ಅರ್ಧ, ಅರ್ಧ.
"ಕರದರ ಹುಳೀ ಆಗತಾವ, ಯಾರೂ ತಿನ್ನವಲ್ಲರು," ಅಂದಳು,
ತಪ್ಪು ಒಪ್ಪಿಕೊಳ್ಳೋರಂಗ.

ಒಂದು ತುಂಡು ಮುರದು
ಉಗುರುಬೆಚ್ಚಗಿನ ನೀರಾಗ ಹಾಕಿದೆ. ಜೋಳದ ಹಿಟ್ಟು ಒಂದು ಚಮಚ.
ಒಂದು ದಿನ ಏನಿಲ್ಲ. ಎರಡು.
ಮೂರನೇ ರಾತ್ರಿ ಅತ್ತಿನೇ ಎಬಿಸಿದಳು, ಕೈಯಾಗ ಬ್ಯಾಟರಿ:
"ಬಾ ಇಲ್ಲಿ. ಇದು ಉಸರಾಡಲಿಕ್ಕತ್ತದ."
ಒಂದು ಗುಳ್ಳಿ. ಒಡೀತು. ಮತ್ತೊಂದು.
ಮೂಗು ಇಟ್ಟೆ: ಮೊಸರು, ಬಾಳಿಹಣ್ಣು,
ಮತ್ತ ಏನೋ ಒಂದು, ನಮ್ಮ ಮನೀದು.
"ಸಂಡಿಗಿ ಅಂದಮ್ಯಾಲ ಜೀರಿಗಿ ಹಾಕಬ್ಯಾಡೇನು?"

ಲಾಡ್ಲೇಸಾಬರ ಅಪ್ಪ ಕಾಣದ ಜೀರಿಗಿ.
ದಿನಾ ಅರ್ಧ ತಗೀತೀನಿ, ದಿನಾ ಉಣ್ಣಸ್ತೀನಿ,
ವಾಸನಿ ಮಾತ್ರ ಹೋಗವಲ್ಲದು.
ಅವರು ಯಾವಾಗರೆ ಬಂದು
ಒಂದು ತುಂಡು ಮುರದು ಬಾಯಾಗ ಹಾಕಿಕೊಂಡರ
ಏನಂತಾರೋ.